ತೋಳದ ತೊಗಲು, ಪ್ರೇತದ ಬೇಡಿಕೆ: ದೋಲ್ ಪಟ್ಟಣದಿಂದ ಲಿವೋನಿಯಾದವರೆಗೆ

ಇಂದಿನ ಫ್ರಾನ್ಸಿನ ಪೂರ್ವದಂಚಿನಲ್ಲಿ ಸ್ವಿಟ್ಜರ್ಲೆಂಡಿಗೆ ತಾಗಿಕೊಂಡಿರುವ ಫ್ರಾಂಶ್-ಕೊಂತೆ ಪ್ರಾಂತ್ಯವು 16ನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ದೊರೆಗೆ ಸೇರಿರದೆ ಸ್ಪೇನಿನ ಹ್ಯಾಬ್ಸ್‌ಬರ್ಗ್ ಅರಸರ ಅಧೀನದಲ್ಲಿತ್ತು. ಅದರ ರಾಜಧಾನಿಯಾಗಿದ್ದ ದೋಲ್ ಪಟ್ಟಣದಲ್ಲಿ ಪಾರ್ಲ್‌ಮಾ ಎಂಬ ಹೆಸರಿನ ಉಚ್ಚ ನ್ಯಾಯಾಲಯವೂ ಒಂದು ವಿಶ್ವವಿದ್ಯಾಲಯವೂ ಇದ್ದು, ಶತಮಾನದ ಕೊನೆಯ ಹೊತ್ತಿಗೆ ಜೆಸ್ಯೂಟ್ ಪಾದ್ರಿಗಳ ಕಾಲೇಜೂ ಅಲ್ಲಿ ನೆಲೆಯೂರಿತು. ಓದುಬರಹ ಬಲ್ಲವರಿಂದ ತುಂಬಿದ್ದ ಈ ಪಟ್ಟಣವು ಸುಮಾರು ಐವತ್ತೈದು ವರ್ಷಗಳ ಅಂತರದಲ್ಲಿ ಎರಡು ವಿಲಕ್ಷಣ ದಾಖಲೆಗಳನ್ನು ಉಳಿಸಿಹೋಗಿದೆ. ತೋಳದ ರೂಪ ತಳೆದು ಮಕ್ಕಳನ್ನು ಕೊಂದು ತಿಂದನೆಂಬ ಆರೋಪ ಹೊತ್ತ ಜಿಲ್ ಗಾರ್ನಿಯೇ ಎಂಬಾತನನ್ನು ಜೀವಂತ ಸುಡಬೇಕೆಂದು 1574ರ ಜನವರಿಯಲ್ಲಿ ಹೊರಬಿದ್ದ ತೀರ್ಪು ಮೊದಲನೆಯದು. 1628ರಲ್ಲಿ ಹೆರಿಗೆಯ ಬಳಿಕ ಕಾಯಿಲೆ ಬಿದ್ದಿದ್ದ ಯುಗೆತ್ ರುವಾ ಎಂಬ ಹೆಂಗಸಿನ ಮನೆಗೆ, ವರ್ಷಗಳ ಹಿಂದೆಯೇ ತೀರಿಕೊಂಡಿದ್ದ ಚಿಕ್ಕಮ್ಮ ಲಿಯೊನಾರ್ದ್ ಪ್ರೇತರೂಪದಲ್ಲಿ ಬಂದು ಬಾಣಂತನ ಮಾಡಿಹೋದಳೆಂದು ವಿವರಿಸುವ ಬರಹ ಎರಡನೆಯದು. ಇಂದಿನ ಓದುಗನಿಗೆ ಇವೆರಡೂ ಬೇರೆ ಬೇರೆ ಜಾತಿಯ ಕಥೆಗಳಾಗಿ ತೋರಬಹುದಾದರೂ ಆ ಕಾಲದ ಧರ್ಮಶಾಸ್ತ್ರಜ್ಞರಿಗೆ, ವೈದ್ಯರಿಗೆ ಮತ್ತು ನ್ಯಾಯಾಧೀಶರಿಗೆ ಇವು ಒಂದೇ ಪ್ರಶ್ನೆಯ ಎರಡು ಮುಖಗಳಾಗಿದ್ದವು: ದೇವರು ಕೊಟ್ಟ ದೇಹವನ್ನು ಬಿಟ್ಟು ಆತ್ಮವು ಅಲೆಯಬಲ್ಲುದೇ, ಬಿಟ್ಟುಹೋದ ಮೇಲೆ ಮರಳಬಲ್ಲುದೇ, ಇನ್ನೊಂದು ದೇಹವನ್ನು ತೊಡಬಲ್ಲುದೇ, ಇವುಗಳಲ್ಲಿ ಯಾವುದೂ ಸಾಧ್ಯವಿಲ್ಲವಾದರೆ ಜನ ಕಣ್ಣಾರೆ ಕಂಡೆವೆಂದು ಪ್ರಮಾಣ ಮಾಡಿ ಹೇಳುವುದು ಏನನ್ನು?

ಇಲ್ಲಿ ಬಳಸುವ ಪದಗಳ ಬಗ್ಗೆ ಮೊದಲೇ ಒಂದು ಮಾತು ಅಗತ್ಯ. ಕನ್ನಡದಲ್ಲಿ ‘ಭೂತ’ ಎಂಬ ಪದಕ್ಕೆ, ಅದರಲ್ಲೂ ತುಳುನಾಡಿನ ಸಂದರ್ಭದಲ್ಲಿ, ಆರಾಧನೆಗೆ ಪಾತ್ರವಾದ ದೈವವೆಂಬ ಘನವಾದ ಅರ್ಥವಿರುವುದರಿಂದ ಯುರೋಪಿನ ಈ ಸಂದರ್ಭಕ್ಕೆ ಅದು ಹೊಂದುವುದಿಲ್ಲ. ಸತ್ತ ಮೇಲೂ ಗತಿ ಕಾಣದೆ ಬದುಕಿರುವವರಿಂದ ಏನನ್ನೋ ಬೇಡುತ್ತ ಬರುವ ಜೀವ ಎಂಬರ್ಥದ ‘ಪ್ರೇತ’ವೇ ಹೆಚ್ಚು ಹತ್ತಿರ. ತೋಳವಾಗುವ ಮನುಷ್ಯನಿಗೆ ಜರ್ಮನ್ ಭಾಷೆಯಲ್ಲಿ ‘ವೆರ್‌ವೋಲ್ಫ್’, ಫ್ರೆಂಚಿನಲ್ಲಿ ‘ಲೂ-ಗಾರೂ’ ಎಂಬ ಹೆಸರುಗಳಿದ್ದವು; ಮೊದಲನೆಯದರಲ್ಲಿರುವ ‘ವೆರ್’ ಎಂದರೆ ಹಳೆಯ ಜರ್ಮಾನಿಕ್ ನುಡಿಗಳಲ್ಲಿ ಮನುಷ್ಯ ಅಥವಾ ಗಂಡಸು ಎಂದೇ ಅರ್ಥವಾದುದರಿಂದ ‘ತೋಳಮಾನವ’ ಎಂಬ ಕನ್ನಡ ರೂಪ ಸಾಕಾಗುತ್ತದೆ. ಗ್ರೀಕ್ ಮೂಲದ ‘ಲೈಕಾಂತ್ರೊಪಿ’ ಎಂಬ ಮೂರನೆಯ ಪದವನ್ನು ವೈದ್ಯರು ಬಳಸುತ್ತಿದ್ದರು. ತಾನು ತೋಳವೆಂದು ಭ್ರಮಿಸಿ ರಾತ್ರಿಯ ಹೊತ್ತು ಸಮಾಧಿಗಳ ನಡುವೆ ಅಲೆಯುವ ರೋಗಿಯ ಲಕ್ಷಣಗಳನ್ನು ಪ್ರಾಚೀನ ಕಾಲದ ಗ್ರೀಕ್ ವೈದ್ಯಗ್ರಂಥಗಳೇ ವರ್ಣಿಸಿದ್ದವು. ಹೀಗೆ ಒಂದೇ ಸಂಗತಿಗೆ ಹಳ್ಳಿಗನ ಹೆಸರೊಂದು, ವೈದ್ಯನ ಹೆಸರೊಂದು ಇದ್ದು, ನ್ಯಾಯಾಲಯಕ್ಕೆ ಬಂದಾಗ ಇವೆರಡೂ ಎದುರುಬದುರು ನಿಲ್ಲುತ್ತಿದ್ದವು.

ಮನುಷ್ಯ ತೋಳವಾಗುತ್ತಾನೆಂಬುದು ಹಳ್ಳಿಗರ ಮೂಢನಂಬಿಕೆ, ಚರ್ಚು ಮತ್ತು ನ್ಯಾಯಾಲಯಗಳು ಅದನ್ನು ಕಣ್ಣುಮುಚ್ಚಿ ಒಪ್ಪಿದವು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆಯಾದರೂ ದಾಖಲೆಗಳು ಹೇಳುವುದು ಬೇರೆ. ಕ್ರೈಸ್ತ ಧರ್ಮಶಾಸ್ತ್ರದ ಮೂಲ ನಿಲುವು ಸಂದೇಹದ್ದೇ ಆಗಿತ್ತು. ಐದನೆಯ ಶತಮಾನದಲ್ಲಿ ಸಂತ ಅಗಸ್ಟೀನನು ‘ದೇವನಗರಿ’ ಎಂಬ ತನ್ನ ಮಹಾಗ್ರಂಥದಲ್ಲಿ, ಸೃಷ್ಟಿಯ ಅಧಿಕಾರ ದೇವರೊಬ್ಬನದೇ ಆದುದರಿಂದ ಸೈತಾನನು ಮನುಷ್ಯನ ದೇಹವನ್ನು ನಿಜವಾಗಿ ಮೃಗದ ದೇಹವನ್ನಾಗಿ ಮಾರ್ಪಡಿಸಲಾರನೆಂದೂ, ನಿದ್ರಿಸುತ್ತಿರುವವನ ಕಲ್ಪನಾರೂಪವೊಂದನ್ನು ಇತರರ ಇಂದ್ರಿಯಗಳಿಗೆ ಮೃಗವಾಗಿ ತೋರಿಸುವಷ್ಟು ಮಾತ್ರ ಅವನಿಂದ ಸಾಧ್ಯವೆಂದೂ ವಾದಿಸಿದ್ದನು. ಸುಮಾರು 906ರಲ್ಲಿ ಪ್ರೂಮ್ ಮಠದ ರೆಗಿನೊ ಸಂಗ್ರಹಿಸಿದ ಚರ್ಚ್ ನಿಯಮಗಳಲ್ಲಿ ಸೇರಿದ್ದು, ಮುಂದೆ ‘ಕ್ಯಾನನ್ ಎಪಿಸ್ಕೋಪಿ’ ಎಂದು ಹೆಸರಾದ ಶಾಸನವು ಇನ್ನೂ ಕಠಿಣವಾಗಿ, ಸೃಷ್ಟಿಕರ್ತನ ಹೊರತು ಬೇರಾರಾದರೂ ಒಂದು ಜೀವಿಯನ್ನು ಇನ್ನೊಂದಾಗಿ ಬದಲಿಸಬಲ್ಲರೆಂದು ನಂಬುವವನನ್ನೇ ಅವಿಶ್ವಾಸಿಯೆಂದು ಪರಿಗಣಿಸಿತ್ತು. ಅಂದರೆ ಹತ್ತನೆಯ ಶತಮಾನದಲ್ಲಿ ಪಾಪವೆನಿಸಿದ್ದು ತೋಳವಾಗುವುದಕ್ಕಿಂತ ಹೆಚ್ಚಾಗಿ, ತೋಳವಾಗಬಹುದೆಂದು ನಂಬುವುದು. ಆರು ಶತಮಾನಗಳ ಬಳಿಕ ಅದೇ ಕ್ರೈಸ್ತ ಜಗತ್ತಿನ ನ್ಯಾಯಾಧೀಶರು ತೋಳಮಾನವರನ್ನು ಸುಡುವಲ್ಲಿಗೆ ಹೇಗೆ ತಲುಪಿದರೆಂಬುದೇ ಈ ಅಧ್ಯಯನಕ್ಷೇತ್ರದ ತಿರುಳಾದ ಸಮಸ್ಯೆ.

ಇದಕ್ಕೆ ಉತ್ತರದ ಒಂದು ಭಾಗ ಕಾಡಿನಲ್ಲಿದೆ. ಫ್ರಾನ್ಸಿನ ಗ್ರಾಮೀಣ ಇತಿಹಾಸವನ್ನು ಅಭ್ಯಸಿಸಿದ ಝಾಂ-ಮಾರ್ಕ್ ಮೊರಿಸೊ, 15ನೆಯ ಶತಮಾನದಿಂದ 20ನೆಯ ಶತಮಾನದವರೆಗೆ ಆ ದೇಶದಲ್ಲಿ ಮನುಷ್ಯರ ಮೇಲೆ ತೋಳಗಳು ನಡೆಸಿದ ಸುಮಾರು 3,000 ದಾಳಿಗಳ ದಾಖಲೆಗಳನ್ನು ಕಲೆಹಾಕಿ 2007ರಲ್ಲಿ ಪ್ರಕಟಿಸಿದರು. ಕುರಿ ದನಗಳನ್ನು ಮೇಯಿಸಲು ಒಂಟಿಯಾಗಿ ಹೋಗುತ್ತಿದ್ದ ಮಕ್ಕಳು ಆ ದಾಳಿಗಳಿಗೆ ವಿಶೇಷವಾಗಿ ತುತ್ತಾಗಿದ್ದರು. ಫ್ರಾನ್ಸಿನಲ್ಲಿ 1562ರಿಂದ 1598ರವರೆಗೆ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟಂಟ್ ಬಣಗಳ ನಡುವೆ ನಡೆದ ಧಾರ್ಮಿಕ ಯುದ್ಧಗಳು ಹಳ್ಳಿಗಳನ್ನು ಬರಿದುಮಾಡಿದಾಗ, ಹೂಳುವವರಿಲ್ಲದ ಹೆಣಗಳ ರುಚಿ ಕಂಡ ತೋಳಗಳು ಊರಿನ ಅಂಚಿಗೆ ಬಂದವೆಂಬುದನ್ನು ಆ ಕಾಲದವರೇ ಗಮನಿಸಿದ್ದರು. ಕಾಣೆಯಾದ ಮಗುವಿನ ಅರೆತಿಂದ ದೇಹ ಬೇಲಿಯ ಪಕ್ಕದಲ್ಲಿ ಸಿಕ್ಕಾಗ ಅದು ಮೃಗದ ಕೆಲಸವೋ ಮನುಷ್ಯನ ಕೆಲಸವೋ ಎಂದು ತಿಳಿಯದೆ ತತ್ತರಿಸಿದ ತಂದೆತಾಯಿಗಳ ನೋವು ನಿಜವಾದುದು. ತೋಳಮಾನವನ ಕುರಿತ ಯಾವ ವಿವರಣೆಯೂ ಆ ನೋವನ್ನು ಮರೆತು ಆರಂಭವಾಗಬಾರದು.

ಆದರೆ ತೋಳಗಳು ಯುರೋಪಿನ ಬಹುಭಾಗದಲ್ಲಿದ್ದರೂ ತೋಳಮಾನವರ ವಿಚಾರಣೆಗಳು ಎಲ್ಲೆಡೆ ಒಂದೇ ಪ್ರಮಾಣದಲ್ಲಿ ನಡೆಯಲಿಲ್ಲ. ಅವು ದಟ್ಟವಾಗಿ ಕಂಡುಬರುವುದು ಫ್ರಾಂಶ್-ಕೊಂತೆ, ಜರ್ಮನಿಯ ಪಶ್ಚಿಮ ಭಾಗದಂಥ ಕೆಲವು ಪ್ರದೇಶಗಳಲ್ಲಿ ಮತ್ತು ಬಾಲ್ಟಿಕ್ ಸಮುದ್ರತೀರದಲ್ಲಿ. ಫ್ರಾಂಶ್-ಕೊಂತೆಯಲ್ಲಿ 1521ರಷ್ಟು ಹಿಂದೆಯೇ ಪೊಲಿನ್ಯಿ ಎಂಬಲ್ಲಿ ಪಿಯೆರ್ ಬುರ್ಗೊ ಮತ್ತು ಮಿಶೆಲ್ ವೆರ್ದಾಂ ಎಂಬಿಬ್ಬರು, ಮೈಗೆ ಲೇಪ ಬಳಿದುಕೊಂಡು ತೋಳಗಳಾಗುತ್ತಿದ್ದೆವೆಂದು ಧರ್ಮವಿಚಾರಕನ ಮುಂದೆ ಒಪ್ಪಿಕೊಂಡು ಸುಟ್ಟುಹೋಗಿದ್ದರು. 1573ರಲ್ಲಿ ದೋಲ್ ಪಟ್ಟಣದ ಸುತ್ತಲಿನ ಹಳ್ಳಿಗಳಿಂದ ಮತ್ತೆ ದೂರು ಬಂದಾಗ ಪಾರ್ಲ್‌ಮಾ ಒಂದು ಅಪೂರ್ವವಾದ ಆಜ್ಞೆ ಹೊರಡಿಸಿತು. ಬೇಟೆಯ ಹಕ್ಕು ಜಮೀನುದಾರರಿಗೆ ಮೀಸಲಾಗಿದ್ದ ಆ ಕಾಲದಲ್ಲಿ, ಬೇಟೆಯ ನಿಷೇಧಗಳನ್ನು ಬದಿಗಿರಿಸಿ, ಭರ್ಜಿ, ಬಂದೂಕು, ದೊಣ್ಣೆಗಳನ್ನು ಹಿಡಿದು ಸೇರಿ ಈ ತೋಳಮಾನವನನ್ನು ಬೆನ್ನಟ್ಟಬಹುದೆಂದು ಸಾಮಾನ್ಯ ರೈತರಿಗೆ ಅದು ಅನುಮತಿಸಿತು. ಸಿಕ್ಕಿಬಿದ್ದವನು ಹೆಂಡತಿ ಮಕ್ಕಳೊಡನೆ ಕಾಡಂಚಿನಲ್ಲಿ ಬದುಕುತ್ತಿದ್ದ, ಹೊಟ್ಟೆಗಿಲ್ಲದ ಬಡವ ಗಾರ್ನಿಯೇ. ಮನೆಯವರಿಗೆ ಅನ್ನ ಒದಗಿಸಲಾಗದೆ ಕಾಡಿನಲ್ಲಿ ಅಲೆಯುತ್ತಿದ್ದಾಗ ಮನುಷ್ಯರೂಪದ ಛಾಯೆಯೊಂದು ಎದುರಾಗಿ, ಸುಲಭವಾಗಿ ಬೇಟೆಯಾಡಲು ನೆರವಾಗುವ ಲೇಪವೊಂದನ್ನು ಕೊಟ್ಟಿತೆಂದು ಅವನು ಹೇಳಿದನು.

ಅವನ ಮೇಲಿನ ತೀರ್ಪಿನಲ್ಲಿ ಒಂದು ವಿವರ ವಿಶೇಷ ಗಮನಕ್ಕೆ ಅರ್ಹವಾಗಿದೆ. ಮೊದಲಿನ ಕೊಲೆಗಳನ್ನು ತೋಳದ ರೂಪದಲ್ಲಿ ಮಾಡಿದನೆಂದು ಹೇಳುವ ಅದೇ ದಾಖಲೆಯು, ಕೊನೆಯ ಹುಡುಗನನ್ನು ಕೊಂದಾಗ ಅವನು ತೋಳದ ರೂಪದಲ್ಲಿರದೆ ಮನುಷ್ಯರೂಪದಲ್ಲೇ ಇದ್ದನೆಂದೂ, ಜನ ಬಂದು ತಡೆಯದಿದ್ದರೆ ಅಂದು ಮಾಂಸ ನಿಷಿದ್ಧವಾದ ಶುಕ್ರವಾರವೆಂಬುದನ್ನೂ ಲೆಕ್ಕಿಸದೆ ಆ ದೇಹವನ್ನು ತಿನ್ನುತ್ತಿದ್ದನೆಂದೂ ನಮೂದಿಸುತ್ತದೆ. ನರಮಾಂಸ ಭಕ್ಷಣೆಯ ಆರೋಪದ ಮಧ್ಯೆ ಶುಕ್ರವಾರದ ವ್ರತಭಂಗವನ್ನೂ ಎಣಿಸುವ ನ್ಯಾಯಾಧೀಶನ ಮನಸ್ಸು ಇಂದಿನವರಿಗೆ ಅರ್ಥವಾಗುವುದು ಕಷ್ಟ. ಆದರೆ ಆ ಮನಸ್ಸಿಗೆ ಕೊಲೆ, ವ್ರತಭಂಗ, ಸೈತಾನನೊಡನೆ ಒಡಂಬಡಿಕೆ ಇವೆಲ್ಲ ದೇವರ ವಿರುದ್ಧ ಎಸಗಿದ ಒಂದೇ ದ್ರೋಹದ ಅಂಗಗಳಾಗಿದ್ದವು. ರೂಪಾಂತರ ನಿಜವೋ ಭ್ರಮೆಯೋ ಎಂಬುದನ್ನು ತೀರ್ಮಾನಿಸದೆಯೇ ಶಿಕ್ಷೆ ವಿಧಿಸಲು ಈ ದ್ರೋಹದ ಕಲ್ಪನೆಯೊಂದೇ ಸಾಕಾಗಿತ್ತು.

ಪಂಡಿತರ ವಾದವಿವಾದ ಭುಗಿಲೆದ್ದದ್ದೂ ಇದೇ ದಶಕಗಳಲ್ಲಿ. ಕ್ಲೆವ್ ಸಂಸ್ಥಾನದ ಡ್ಯೂಕನ ಆಸ್ಥಾನವೈದ್ಯನಾಗಿದ್ದ ಯೋಹಾನ್ ವೇಯರ್ 1563ರಲ್ಲಿ ಪ್ರಕಟಿಸಿದ, ಸೈತಾನನ ಮಾಯಾಜಾಲವನ್ನು ಕುರಿತ ಗ್ರಂಥದಲ್ಲಿ, ತೋಳಗಳಾದೆವೆಂದು ಹೇಳಿಕೊಳ್ಳುವವರು ಕಪ್ಪು ಪಿತ್ತದ ವಿಕಾರದಿಂದ ಬಳಲುವ ರೋಗಿಗಳೆಂದು ವಾದಿಸಿದನು. ಕಪ್ಪು ಪಿತ್ತವೆಂದರೆ ರಕ್ತ, ಕಫ, ಹಳದಿ ಪಿತ್ತಗಳ ಜತೆ ಅಂದಿನ ವೈದ್ಯಶಾಸ್ತ್ರ ದೇಹದಲ್ಲಿ ಗುರುತಿಸುತ್ತಿದ್ದ ನಾಲ್ಕನೆಯ ದ್ರವ. ಅದು ಹೆಚ್ಚಾದರೆ ಮನಸ್ಸು ಮಂಕಾಗಿ ಕಾಣದ್ದನ್ನು ಕಾಣುತ್ತದೆಂಬುದು ನಂಬಿಕೆ. ಆದರೆ ವೇಯರ್ ಸೈತಾನನನ್ನು ಅಲ್ಲಗಳೆದವನಲ್ಲ. ಈ ರೋಗಗ್ರಸ್ತ ಮನಸ್ಸುಗಳೇ ಸೈತಾನನ ಆಟಕ್ಕೆ ಸುಲಭವಾದ ಬಯಲು ಎಂಬುದೇ ಅವನ ನಿಲುವಾಗಿತ್ತು. ಅವನಿಗೆ ತೀಕ್ಷ್ಣವಾಗಿ ಉತ್ತರ ಕೊಟ್ಟವನು ಫ್ರಾನ್ಸಿನ ಝಾಂ ಬೊದಾಂ. ರಾಜ್ಯಶಾಸ್ತ್ರದಲ್ಲಿ ಸಾರ್ವಭೌಮತ್ವದ ಸಿದ್ಧಾಂತಕ್ಕಾಗಿ ಇಂದಿಗೂ ಪಠ್ಯಗಳಲ್ಲಿ ಹೆಸರಾಗಿರುವ ಈ ಮೇಧಾವಿಯೇ 1580ರಲ್ಲಿ ಮಾಟಗಾರರ ಮೇಲೆ ಬರೆದ ಗ್ರಂಥದಲ್ಲಿ ಗಾರ್ನಿಯೇಯ ಪ್ರಕರಣವನ್ನು ಸಾಕ್ಷ್ಯವಾಗಿ ಬಳಸಿ, ಮನುಷ್ಯನ ಸಾರವಾದ ವಿವೇಕಶಕ್ತಿ ಹಾಗೆಯೇ ಉಳಿದು ದೇಹ ಮಾತ್ರ ಬದಲಾಗುವುದಾದರೆ ಅದರಲ್ಲಿ ಅಸಾಧ್ಯವಾದದ್ದೇನೂ ಇಲ್ಲವೆಂದು ವಾದಿಸಿದನು. ಬುದ್ಧಿಯ ಹರಿತಕ್ಕೂ ಕರುಣೆಗೂ ಯಾವ ಅನಿವಾರ್ಯ ನಂಟೂ ಇಲ್ಲವೆಂಬುದಕ್ಕೆ ಬೊದಾಂನಷ್ಟು ನೋವಿನ ನಿದರ್ಶನ ಆ ಶತಮಾನದಲ್ಲಿ ಇನ್ನೊಂದಿಲ್ಲ.

ಇವರಿಬ್ಬರ ನಡುವೆ ನಿಂತವನು ಫ್ರಾಂಶ್-ಕೊಂತೆಯ ಸೇಂಟ್-ಕ್ಲೋದ್ ಪ್ರದೇಶದ ಮುಖ್ಯ ನ್ಯಾಯಾಧೀಶ ಆನ್ರಿ ಬೊಗೆ. 1598ರಲ್ಲಿ ಗಾಂದಿಯೋಂ ಮನೆತನದವರನ್ನು ತೋಳಮಾನವರೆಂಬ ಆರೋಪದ ಮೇಲೆ ವಿಚಾರಿಸಿದ ಇವನು, ಸೆರೆಮನೆಯಲ್ಲಿ ಅವರು ನಾಲ್ಕು ಕಾಲಿನ ಮೇಲೆ ನಡೆದಾಡುವುದನ್ನು ತಾನೇ ಕಂಡೆನೆಂದು ಬರೆದಿದ್ದಾನೆ. ಮನುಷ್ಯನ ಆತ್ಮ ತೋಳದ ದೇಹದಲ್ಲಿ ಇರಲಾರದಾದುದರಿಂದ ನಿಜವಾದ ರೂಪಾಂತರ ಅಸಾಧ್ಯವೆಂದು ಒಪ್ಪುತ್ತಲೇ, ಸೈತಾನನು ನೋಡುವವರ ಕಣ್ಣಿಗೂ ಮಾಡುವವರ ಮನಸ್ಸಿಗೂ ಮಂಕು ಕವಿಸುತ್ತಾನೆಂದೂ, ಓಡಿ ಕೊಲ್ಲುವವರು ಮಾತ್ರ ಮಾಟಗಾರರೇ ಎಂದೂ ಅವನು ತೀರ್ಮಾನಿಸಿದನು. ಬೇಟೆಗಾರನೊಬ್ಬ ತೋಳದ ಮುಂಗಾಲನ್ನು ಕತ್ತರಿಸಿ ಚೀಲದಲ್ಲಿ ತಂದು ನೋಡಿದಾಗ ಅದು ಉಂಗುರ ತೊಟ್ಟ ಹೆಣ್ಣಿನ ಕೈಯಾಗಿತ್ತು, ಆ ಉಂಗುರ ಅವನ ಗೆಳೆಯನ ಹೆಂಡತಿಯದಾಗಿತ್ತು ಎಂಬ ಕಥೆಯನ್ನೂ ಓವೆರ್ನ್ ಪ್ರಾಂತ್ಯದಲ್ಲಿ ನಡೆದದ್ದೆಂದು ಬೊಗೆ ದಾಖಲಿಸಿದ್ದಾನೆ. ದೇಹ ಬದಲಾಗದಿದ್ದರೆ ಗಾಯ ಹೇಗೆ ಉಳಿಯುತ್ತದೆ ಎಂಬ ಪ್ರಶ್ನೆಗೆ, ಸೈತಾನನೇ ಆ ಗಾಯವನ್ನು ದೂರದಲ್ಲಿ ಮಲಗಿರುವವಳ ದೇಹಕ್ಕೆ ಸಾಗಿಸುತ್ತಾನೆಂಬ ಉತ್ತರವನ್ನು ಆ ಕಾಲದ ಸೈತಾನಶಾಸ್ತ್ರಜ್ಞರು ಸಿದ್ಧಪಡಿಸಿಟ್ಟುಕೊಂಡಿದ್ದರು. ಹಳ್ಳಿಯ ಕಥೆಯನ್ನು ಅಲ್ಲಗಳೆಯದೆ ಶಾಸ್ತ್ರಕ್ಕೂ ಭಂಗ ತಾರದೆ ಎರಡನ್ನೂ ಬೆಸೆಯುವ ಈ ಕೌಶಲವೇ ನೂರಾರು ವರ್ಷಗಳ ಸಂದೇಹದ ಬಾಗಿಲನ್ನು ಮುಚ್ಚಿತು. ಅಗಸ್ಟೀನನ ‘ಅದು ಬರಿಯ ಭ್ರಮೆ’ ಎಂಬ ಮಾತು ಬಾಯಲ್ಲಿ ಉಳಿದೇ ಇತ್ತು, ಆದರೆ ಭ್ರಮೆಯನ್ನು ಹುಟ್ಟಿಸಿದವನೊಡನೆ ಒಡಂಬಡಿಕೆ ಮಾಡಿಕೊಂಡದ್ದು ನಿಜವಾದ ಅಪರಾಧವಾಗಿ ಅದೇ ಮಾತು ಚಿತೆಗೆ ಕೊಳ್ಳಿಯಾಯಿತು.

ಕೆಲವು ಉಚ್ಚ ನ್ಯಾಯಾಲಯಗಳು ಈ ದಾರಿ ಹಿಡಿಯಲಿಲ್ಲವೆಂಬುದನ್ನೂ ಹೇಳಬೇಕು. 1598ರಲ್ಲಿ ಆಂಜೆ ಬಳಿ ಬಾಲಕನೊಬ್ಬನ ಶವದ ಸನಿಹ ಸಿಕ್ಕಿಬಿದ್ದ ಝಾಕ್ ರೂಲೆ ಎಂಬ ಭಿಕ್ಷುಕನಿಗೆ ಕೆಳ ನ್ಯಾಯಾಲಯ ವಿಧಿಸಿದ ಮರಣದಂಡನೆಯನ್ನು ಪ್ಯಾರಿಸ್ಸಿನ ಪಾರ್ಲ್‌ಮಾ ರದ್ದುಗೊಳಿಸಿ, ಎರಡು ವರ್ಷ ಆಸ್ಪತ್ರೆಯಲ್ಲಿಟ್ಟು ಧರ್ಮಬೋಧೆ ಮಾಡಬೇಕೆಂದಿತು. 1603ರಲ್ಲಿ ಬೊರ್ದೋ ನಗರದ ಪಾರ್ಲ್‌ಮಾ, ಕುರಿ ಕಾಯುವ ಹುಡುಗಿಯರ ಮುಂದೆ ತಾನು ತೋಳವೆಂದು ಹೇಳಿಕೊಂಡು ತಿರುಗುತ್ತಿದ್ದ, ಹದಿಮೂರು ಹದಿನಾಲ್ಕರ ಪ್ರಾಯದ ಝಾಂ ಗ್ರೆನಿಯೇ ಎಂಬ ಹುಡುಗನನ್ನು ಅವನ ವಯಸ್ಸು ಮತ್ತು ಬುದ್ಧಿಮಾಂದ್ಯವನ್ನು ಪರಿಗಣಿಸಿ ಮಠವೊಂದರಲ್ಲಿ ಜೀವನಪರ್ಯಂತ ಇರಿಸಲು ಆದೇಶಿಸಿತು. ‘ಕಾಡಿನ ಒಡೆಯ’ನೊಬ್ಬ ತನಗೆ ತೋಳದ ತೊಗಲನ್ನೂ ಲೇಪವನ್ನೂ ಕೊಟ್ಟನೆಂಬುದು ಈ ಹುಡುಗನ ಹೇಳಿಕೆ. ಏಳು ವರ್ಷಗಳ ಬಳಿಕ ಅವನನ್ನು ಮಠದಲ್ಲಿ ಕಾಣಲು ಹೋದ ನ್ಯಾಯಾಧೀಶ ಪಿಯೆರ್ ದ ಲಾಂಕ್ರ್, ಉದ್ದ ಉಗುರುಗಳ, ಕೃಶವಾದ, ನಾಲ್ಕು ಕಾಲಿನ ಮೇಲೆ ಚುರುಕಾಗಿ ಓಡಬಲ್ಲ ಯುವಕನೊಬ್ಬನನ್ನು ಕಂಡು ವರ್ಣಿಸಿದ್ದಾನೆ. ಬಾಸ್ಕ್ ನಾಡಿನಲ್ಲಿ ಮಾಟದ ಆರೋಪದ ಮೇಲೆ ಅನೇಕರನ್ನು ಸುಡಿಸಿದ ದ ಲಾಂಕ್ರ್‌ನೇ ಈ ಹುಡುಗನ ಬಗ್ಗೆ ಅಷ್ಟು ಆಸಕ್ತಿಯಿಂದ ಬರೆದುದರಿಂದಲೇ ಆ ಅನಾಥ ಜೀವದ ಕೊನೆಯ ದಿನಗಳು ಇತಿಹಾಸಕ್ಕೆ ದಕ್ಕಿವೆ.

ಪ್ರೇತಗಳ ಕಥೆ ಬೇರೊಂದು ಬಗೆಯಲ್ಲಿ ಸಾಗುತ್ತದೆ, ಏಕೆಂದರೆ ಅಲ್ಲಿ ಚರ್ಚು ಬರಿಯ ಸಂದೇಹಿಯಾಗಿರದೆ ಪಾಲುದಾರನೂ ಆಗಿತ್ತು. ಸ್ವರ್ಗಕ್ಕೆ ಇನ್ನೂ ಅರ್ಹರಾಗದ, ನರಕಕ್ಕೂ ಬೀಳದ ಆತ್ಮಗಳು ಬೆಂಕಿಯಲ್ಲಿ ಬೆಂದು ಶುದ್ಧವಾಗುವ ನಡುವಿನ ನೆಲೆಗೆ ಪರ್ಗೆಟರಿ ಎಂದು ಹೆಸರು. ಆ ನೆಲೆಗೆ ಒಂದು ನಾಮಪದವೂ ಒಂದು ಸ್ಥಳದ ಸ್ವರೂಪವೂ ದೊರೆತದ್ದು 12ನೆಯ ಶತಮಾನದ ಉತ್ತರಾರ್ಧದಲ್ಲೆಂದು ಫ್ರೆಂಚ್ ಇತಿಹಾಸಕಾರ ಝಾಕ್ ಲ ಗೊಫ್ 1981ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಬದುಕಿರುವವರು ಮಾಡಿಸುವ ಬಲಿಪೂಜೆ, ದಾನ, ಪ್ರಾರ್ಥನೆ, ಯಾತ್ರೆಗಳಿಂದ ಅಲ್ಲಿನ ಯಾತನೆಯ ಅವಧಿ ಕಡಿಮೆಯಾಗುತ್ತದೆಂಬ ನಂಬಿಕೆಯಿಂದಾಗಿ ಸತ್ತವರಿಗೂ ಬದುಕಿರುವವರಿಗೂ ಕೊಡುಕೊಳ್ಳುವಿಕೆಯ ಸಂಬಂಧವೊಂದು ಏರ್ಪಟ್ಟಿತು. ಪ್ರೇತವು ಈ ಸಂಬಂಧದ ದೂತ. ತೀರಿಸದ ಸಾಲ, ಸಲ್ಲಿಸದ ಹರಕೆ, ಮಾಡಿಸದ ಪೂಜೆ ಇವುಗಳನ್ನು ನೆನಪಿಸಲು ಅದು ಬರುತ್ತಿತ್ತು, ಬೇಡಿಕೆ ತೀರಿದ ಮೇಲೆ ಮರೆಯಾಗುತ್ತಿತ್ತು. ಬಂದದ್ದು ಆತ್ಮವೋ ಆತ್ಮದ ವೇಷದ ಸೈತಾನನೋ ಎಂದು ಪರೀಕ್ಷಿಸುವುದಕ್ಕೆ ಪಾದ್ರಿಗಳ ಬಳಿ ‘ಆತ್ಮವಿವೇಚನೆ’ ಎಂಬ ಒಂದು ಶಾಸ್ತ್ರವೇ ಇತ್ತು. ಪ್ಯಾರಿಸ್ ವಿಶ್ವವಿದ್ಯಾಲಯದ ಝಾಂ ಝೆರ್ಸೋಂ 15ನೆಯ ಶತಮಾನದ ಆರಂಭದಲ್ಲಿ ಅದರ ಮೇಲೆ ಪ್ರಬಂಧಗಳನ್ನು ಬರೆದಿದ್ದನು.

1517ರ ಬಳಿಕ ಹಬ್ಬಿದ ಪ್ರಾಟೆಸ್ಟಂಟ್ ಸುಧಾರಣೆ ಬೈಬಲಿನಲ್ಲಿ ಆಧಾರವಿಲ್ಲವೆಂದು ಪರ್ಗೆಟರಿಯನ್ನೇ ತಳ್ಳಿಹಾಕಿದಾಗ ಪ್ರೇತಗಳಿಗೆ ಬರಲು ಊರೇ ಇಲ್ಲದಂತಾಯಿತು. ಆದರೂ ಜನ ಅವುಗಳನ್ನು ಕಾಣುವುದನ್ನು ನಿಲ್ಲಿಸಲಿಲ್ಲ. ಈ ಇಕ್ಕಟ್ಟಿಗೆ ಅತ್ಯಂತ ವ್ಯವಸ್ಥಿತವಾದ ಉತ್ತರ ಕೊಟ್ಟವನು ಜ್ಯೂರಿಕ್ ನಗರದ ಪಾದ್ರಿ ಲುಡ್ವಿಗ್ ಲಾವಾಟರ್; 1569ರಲ್ಲಿ ಪ್ರಕಟವಾದ ಅವನ ಜರ್ಮನ್ ಗ್ರಂಥವು ಮರುವರ್ಷ ಲ್ಯಾಟಿನ್‌ಗೂ 1572ರಲ್ಲಿ ಇಂಗ್ಲಿಷಿಗೂ ಬಂತು. ಪ್ರೇತಗಳೆಂದು ಜನ ನಂಬುವ ಬಹುಪಾಲು ಸಂಗತಿಗಳು ಮಂಕು ಕವಿದವರ, ಅಂಜುಬುರುಕರ, ಕುಡಿದವರ, ದೃಷ್ಟಿ ಮಂದವಾದವರ ತಪ್ಪುಗ್ರಹಿಕೆಗಳೆಂದೂ, ಇಲಿ ಬೆಕ್ಕುಗಳ ಸದ್ದು ಗಾಳಿಯ ಸದ್ದುಗಳೆಂದೂ, ಇನ್ನು ಕೆಲವು ಪಾದ್ರಿಗಳೇ ಹೂಡಿದ ಮೋಸಗಳೆಂದೂ ಅವನು ತಾಳ್ಮೆಯಿಂದ ವಿಂಗಡಿಸುತ್ತಾನೆ. ಮೋಸಕ್ಕೆ ಉದಾಹರಣೆಯಾಗಿ ಬರ್ನ್ ನಗರದ ಡೊಮಿನಿಕನ್ ಮಠದಲ್ಲಿ ಯೆಟ್ಸರ್ ಎಂಬ ಸೋದರನಿಗೆ ಪ್ರೇತವೂ ಬಳಿಕ ಕನ್ಯಾ ಮರಿಯಮ್ಮನೂ ಕಾಣಿಸಿಕೊಂಡರೆಂಬ, 1509ರಲ್ಲಿ ನಾಲ್ವರು ಸನ್ಯಾಸಿಗಳ ದಹನದಲ್ಲಿ ಮುಗಿದ ಪ್ರಕರಣವನ್ನು ಅವನು ಬಳಸಿಕೊಂಡಿದ್ದಾನೆ. ಅಲ್ಲಿ ಮೋಸ ಮಾಡಿದವರು ಯಾರು, ಮೋಸಹೋದವರು ಯಾರು ಎಂಬ ಬಗ್ಗೆ ಇತಿಹಾಸಕಾರರಲ್ಲಿ ನೂರು ವರ್ಷಗಳಿಗೂ ಮಿಕ್ಕಿ ಚರ್ಚೆ ನಡೆದಿದೆ. ಇಷ್ಟೆಲ್ಲ ಜರಡಿ ಹಿಡಿದ ಮೇಲೂ ಉಳಿಯುವ ನಿಜವಾದ ದರ್ಶನಗಳು ದೇವದೂತರವು, ಹೆಚ್ಚಾಗಿ ಸೈತಾನನವು, ಸತ್ತವರವು ಮಾತ್ರ ಎಂದೂ ಅಲ್ಲ ಎಂಬುದು ಲಾವಾಟರನ ಕೊನೆಯ ಮಾತು. ಎಂದೋರಿನ ಮಂತ್ರವಾದಿನಿ ದೊರೆ ಸೌಲನಿಗಾಗಿ ಸತ್ತ ಪ್ರವಾದಿ ಸಮುವೇಲನನ್ನು ಎಬ್ಬಿಸಿದಳೆಂಬ ಬೈಬಲಿನ ಪ್ರಸಂಗವನ್ನು ಸಹ ಅವನು ಸಮುವೇಲನ ವೇಷದ ಸೈತಾನನೆಂದೇ ವಿವರಿಸಬೇಕಾಯಿತು.

ಇದರ ಪರಿಣಾಮ ಮನಕಲಕುವಂಥದು. ತೀರಿಹೋದ ತಾಯಿಯನ್ನು ಬಾಗಿಲಲ್ಲಿ ಕಂಡೆನೆಂದುಕೊಂಡ ಹೆಂಗಸಿಗೆ ಹಳೆಯ ಪಾದ್ರಿ ‘ಆಕೆಗೊಂದು ಪೂಜೆ ಮಾಡಿಸು’ ಎನ್ನುತ್ತಿದ್ದರೆ, ಹೊಸ ಪಾದ್ರಿ ‘ಅದು ನಿನ್ನ ತಾಯಿಯಲ್ಲ, ಸೈತಾನ’ ಎನ್ನಬೇಕಾಗಿತ್ತು. ಇಂಗ್ಲೆಂಡಿನಲ್ಲಿ ಸತ್ತವರ ಪೂಜೆಗಾಗಿ ದತ್ತಿ ಬಿಟ್ಟ ಪ್ರಾರ್ಥನಾಲಯಗಳನ್ನು 1547ರ ಕಾಯಿದೆ ಮುಚ್ಚಿತು. ಪೀಟರ್ ಮಾರ್ಷಲ್ ಅವರು 2002ರಲ್ಲಿ ಪ್ರಕಟಿಸಿದ ಅಧ್ಯಯನವು ಆ ಬಳಿಕವೂ ಅಲ್ಲಿನ ಜನ ಪ್ರೇತಗಳನ್ನು ಕೈಬಿಡದೆ, ಪೂಜೆಯನ್ನು ಬೇಡುವ ಪ್ರೇತದ ಬದಲು ಅನ್ಯಾಯವನ್ನು ಬಯಲುಮಾಡುವ ಪ್ರೇತವನ್ನು ಹೆಚ್ಚುಹೆಚ್ಚಾಗಿ ಕಂಡುದನ್ನು ತೋರಿಸುತ್ತದೆ. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ಸುಧಾರಕ ಲೂಥರನ ವಿಶ್ವವಿದ್ಯಾಲಯವಿದ್ದ ವಿಟೆನ್‌ಬರ್ಗಿನಲ್ಲಿ ಓದಿ ಬಂದವನು, ಅವನ ತಂದೆಯ ಪ್ರೇತವಾದರೋ ಪರ್ಗೆಟರಿಯಿಂದ ಬಂದಂತೆ ಮಾತಾಡುತ್ತದೆ. ಆ ನಾಟಕದ ಸಂಕಟವನ್ನು ಸ್ಟೀಫನ್ ಗ್ರೀನ್‌ಬ್ಲಾಟ್ 2001ರಲ್ಲಿ ಈ ಹಿನ್ನೆಲೆಯಲ್ಲೇ ಓದಿದರು. 17ನೆಯ ಶತಮಾನದ ಉತ್ತರಾರ್ಧದಲ್ಲಿ ಇನ್ನೊಂದು ತಿರುವು ಬಂತು. ಲಂಡನ್ನಿನ ವಿಜ್ಞಾನ ಸಂಸ್ಥೆಯಾದ ರಾಯಲ್ ಸೊಸೈಟಿಯ ಸದಸ್ಯನೂ ಪಾದ್ರಿಯೂ ಆಗಿದ್ದ ಜೋಸೆಫ್ ಗ್ಲಾನ್‌ವಿಲ್, ಆತ್ಮವೇ ಇಲ್ಲವೆನ್ನುವ ನಾಸ್ತಿಕರಿಗೆ ಉತ್ತರವಾಗಿ ಪ್ರೇತದ ಸಾಕ್ಷ್ಯಗಳನ್ನು ಊರು, ದಿನ, ಸಾಕ್ಷಿಗಳ ಹೆಸರಿನೊಡನೆ ಸಂಗ್ರಹಿಸತೊಡಗಿದನು. ಅವನು ತೀರಿಕೊಂಡ ಬಳಿಕ 1681ರಲ್ಲಿ ಹೊರಬಂದ ಆ ಸಂಗ್ರಹದಲ್ಲಿ, ಹೊಸ ವಿಜ್ಞಾನದ ವಿಧಾನವೇ ಹಳೆಯ ನಂಬಿಕೆಯ ರಕ್ಷಣೆಗೆ ನಿಂತದ್ದನ್ನು ಕಾಣಬಹುದು.

ಈಗ ದೋಲ್ ಪಟ್ಟಣದ ಎರಡನೆಯ ದಾಖಲೆಯತ್ತ ಮರಳಬಹುದು. ಪರ್ಗೆಟರಿಯ ನಂಬಿಕೆಯನ್ನು ಟ್ರೆಂಟ್ ನಗರದ ಚರ್ಚ್ ಮಹಾಸಭೆ 1563ರ ಡಿಸೆಂಬರಿನಲ್ಲಿ ಪುನಃ ಎತ್ತಿಹಿಡಿದಿದ್ದುದರಿಂದ ಕ್ಯಾಥೊಲಿಕ್ ಫ್ರಾಂಶ್-ಕೊಂತೆಯಲ್ಲಿ ಪ್ರೇತಗಳಿಗೆ ಬರುವ ದಾರಿ ತೆರೆದೇ ಇತ್ತು. ಯುಗೆತ್ ರುವಾಳ ಮನೆಗೆ ಬಂದ ಬಿಳಿ ಬಟ್ಟೆಯ ಹೆಂಗಸು ಮೊದಮೊದಲು ತಾನಾರೆಂದು ಹೇಳದೆ ಮನೆ ಗುಡಿಸಿದಳು, ಹಾಸಿಗೆ ಸರಿಪಡಿಸಿದಳು, ಮಗುವನ್ನು ನೋಡಿಕೊಂಡಳು. ಆಮೇಲೆ ತಾನು ಚಿಕ್ಕಮ್ಮ ಲಿಯೊನಾರ್ದ್ ಎಂದೂ, ಈ ಸೇವೆಯೇ ತನ್ನ ಪ್ರಾಯಶ್ಚಿತ್ತವೆಂದೂ, ತನ್ನ ಬಿಡುಗಡೆಗಾಗಿ ಯುಗೆತ್ ಮರಿಯಮ್ಮನ ಮೂರು ಕ್ಷೇತ್ರಗಳಿಗೆ ಯಾತ್ರೆ ಹೋಗಬೇಕೆಂದೂ ತಿಳಿಸಿದಳು. ಬದುಕಿದ್ದಾಗ ಇಬ್ಬರಿಗೂ ಸರಿಬರುತ್ತಿರಲಿಲ್ಲವೆಂಬುದನ್ನು ಮರೆಯದ ಯುಗೆತ್, ಆ ಸಿಡುಕಿನ ಚಿಕ್ಕಮ್ಮ ಇಷ್ಟು ಮೃದುವಾದುದು ಹೇಗೆಂದು ಸಂಶಯಪಟ್ಟಳು. ಪಾದ್ರಿಗಳಿಗೂ ತಮ್ಮದೇ ಆದ ಸಂಶಯಗಳಿದ್ದವು, ಪರೀಕ್ಷೆಗಳೂ ಇದ್ದವು. ಈ ಬರಹವನ್ನು 2008ರಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದ ಕ್ಯಾಥರಿನ್ ಎಡ್ವರ್ಡ್ಸ್ ಮತ್ತು ಸೂಸಿ ಸ್ಪೀಕ್‌ಮನ್ ಸಚ್, ಧರ್ಮಶಾಸ್ತ್ರದ ವಾದಕ್ಕಿಂತ ಮಿಗಿಲಾಗಿ ಅದರೊಳಗಿನ ಬಡ ಮನೆಯ ದಿನಚರಿಯನ್ನು, ಹೆರಿಗೆಯ ಅಪಾಯವನ್ನು, ನೆರೆಹೊರೆಯ ಹೆಂಗಸರ ಮಾತುಕತೆಯನ್ನು ಬೆಳಕಿಗೆ ತಂದಿದ್ದಾರೆ. ಗಾರ್ನಿಯೇ ಕಾಡಿನಲ್ಲಿ ಕಂಡ ಛಾಯೆಯೂ ಹಸಿದವನಿಗೆ ನೆರವು ನೀಡಲು ಬಂದದ್ದೇ, ಯುಗೆತ್ ಮನೆಯಲ್ಲಿ ಕಂಡ ಛಾಯೆಯೂ ಕೈಲಾಗದವಳಿಗೆ ನೆರವಾಗಲು ಬಂದದ್ದೇ. ಮೊದಲನೆಯದನ್ನು ಕೇಳಿಸಿಕೊಂಡವರು ನ್ಯಾಯಾಧೀಶರಾದುದರಿಂದ ಅದು ಸೈತಾನನಾಯಿತು, ಎರಡನೆಯದನ್ನು ಕೇಳಿಸಿಕೊಂಡವರು ಪಾಪನಿವೇದನೆ ಆಲಿಸುವ ಪಾದ್ರಿಗಳಾದುದರಿಂದ ಅದು ಪುಣ್ಯಾತ್ಮವಾಯಿತು ಎಂಬ ತೀರ್ಮಾನ ಪೂರ್ತಿ ಸರಿಯಲ್ಲದಿರಬಹುದು, ಆದರೆ ಕೇಳುವ ಕಿವಿ ಯಾರದೆಂಬುದು ಹೇಳಿದ ಮಾತಿನ ಗತಿಯನ್ನು ಎಷ್ಟರಮಟ್ಟಿಗೆ ತಿರುಗಿಸುತ್ತಿತ್ತೆಂಬುದು ಇವೆರಡನ್ನು ಒಟ್ಟಿಗಿಟ್ಟಾಗ ಸ್ಪಷ್ಟವಾಗುತ್ತದೆ.

ಆಧುನಿಕ ಅಧ್ಯಯನದ ಹೋರಾಟವೆಲ್ಲ ಈ ಕಿವಿಯನ್ನು ದಾಟಿ ಬಾಯಿಯನ್ನು ತಲುಪುವುದಕ್ಕಾಗಿ. 1865ರಲ್ಲಿ ಇಂಗ್ಲಿಷ್ ಪಾದ್ರಿ ಸೇಬೈನ್ ಬೇರಿಂಗ್-ಗೋಲ್ಡ್ ಬರೆದ ಪುಸ್ತಕವು ತೋಳಮಾನವರ ಪ್ರಕರಣಗಳನ್ನು ಒಟ್ಟುಗೂಡಿಸಿತೇ ಹೊರತು ದಾಖಲೆಗಳ ಸ್ವರೂಪವನ್ನು ಪ್ರಶ್ನಿಸಲಿಲ್ಲ. 1933ರಲ್ಲಿ ಅದೇ ವಿಷಯದ ಮೇಲೆ ಬರೆದ ಮಾಂಟೇಗ್ಯು ಸಮರ್ಸ್ ಅಂತೂ ಸೈತಾನನನ್ನು ನಿಜವೆಂದೇ ನಂಬಿದ್ದನು. ಮರುವರ್ಷ ಆಸ್ಟ್ರಿಯಾದ ಒಟ್ಟೊ ಹ್ಯೋಫ್ಲರ್ ತೋಳಮಾನವರಲ್ಲಿ ಪ್ರಾಚೀನ ಜರ್ಮಾನಿಕ್ ಯೋಧರ ರಹಸ್ಯ ಕೂಟಗಳ ಕುರುಹನ್ನು ಕಂಡನು. ನಾಜಿಗಳ ಸಂಸ್ಥೆಗಳೊಡನೆ ನಂಟು ಬೆಳೆಸಿದ ಆತನ ಈ ಪಾಂಡಿತ್ಯ, ಜಾನಪದದ ಅಧ್ಯಯನ ಎಷ್ಟು ಸುಲಭವಾಗಿ ಜನಾಂಗದ್ವೇಷದ ಸೇವೆಗೆ ಇಳಿಯಬಲ್ಲುದೆಂಬುದಕ್ಕೆ ಎಚ್ಚರಿಕೆಯಾಗಿ ನಿಂತಿದೆ. ನಿಜವಾದ ತಿರುವು 1966ರಲ್ಲಿ ಇಟಲಿಯ ಕಾರ್ಲೊ ಗಿಂಜ್‌ಬರ್ಗ್ ಅವರಿಂದ ಬಂತು. ಇಟಲಿಯ ಈಶಾನ್ಯದ ಫ್ರಿಯೂಲಿ ಸೀಮೆಯಲ್ಲಿ, ಗರ್ಭದ ಪೊರೆ ಮೈಗೆ ಸುತ್ತಿಕೊಂಡೇ ಹುಟ್ಟಿದವರು ‘ಬೆನಂದಂತಿ’ಗಳೆನಿಸಿ, ವರ್ಷದ ನಾಲ್ಕು ಋತುಗಳ ಉಪವಾಸದ ರಾತ್ರಿಗಳಲ್ಲಿ ದೇಹವನ್ನು ಹಾಸಿಗೆಯಲ್ಲಿ ಬಿಟ್ಟು ಆತ್ಮರೂಪದಲ್ಲಿ ಹೋಗಿ, ಸೋಂಪಿನ ಗಿಡದ ಕೋಲು ಹಿಡಿದು, ಜೋಳದ ದಂಟು ಹಿಡಿದ ಮಾಟಗಾರರೊಡನೆ ಬೆಳೆಗಾಗಿ ಕಾದಾಡುತ್ತೇವೆಂದು ಹೇಳಿಕೊಳ್ಳುತ್ತಿದ್ದರು, ಅವರಲ್ಲಿ ಕೆಲವರು, ವಿಶೇಷವಾಗಿ ಹೆಂಗಸರು, ಸತ್ತವರ ಮೆರವಣಿಗೆಯನ್ನು ಕಾಣುತ್ತಿದ್ದರು. 1575ರಿಂದ ಮುಂದಿನ ಧರ್ಮವಿಚಾರಣೆಯ ಕಡತಗಳಲ್ಲಿ, ವಿಚಾರಕನ ಪ್ರಶ್ನೆಗೂ ಹಳ್ಳಿಗನ ಉತ್ತರಕ್ಕೂ ತಾಳೆಯಾಗದ ಬಿರುಕುಗಳನ್ನು ಗಿಂಜ್‌ಬರ್ಗ್ ಗುರುತಿಸಿದರು. ಆ ಬಿರುಕಿನಲ್ಲಿ ಮಾತ್ರ ಹಳ್ಳಿಗನ ಸ್ವಂತ ದನಿ ಕೇಳಿಸುತ್ತದೆ. 1640ರ ದಶಕದ ಹೊತ್ತಿಗೆ ಬೆನಂದಂತಿಗಳು ವಿಚಾರಕರು ಹೇಳಿಕೊಟ್ಟಂತೆ ತಮ್ಮನ್ನೇ ಮಾಟಗಾರರೆಂದು ಒಪ್ಪಿಕೊಳ್ಳತೊಡಗಿದಾಗ ಬಿರುಕು ಮುಚ್ಚಿಹೋಗುತ್ತದೆ.

ಬಾಲ್ಟಿಕ್ ತೀರದ ದಾಖಲೆಗಳಲ್ಲಿ ಈ ಬಿರುಕು ಇನ್ನೂ ಅಗಲವಾಗಿದೆ. ಇಂದಿನ ಲಾಟ್ವಿಯಾ ಮತ್ತು ಎಸ್ಟೋನಿಯಾಗಳಲ್ಲಿ ಹಂಚಿಹೋಗಿರುವ ಲಿವೋನಿಯಾ ನಾಡು ತೋಳಮಾನವರ ತವರೆಂದು ಸ್ವೀಡನ್ನಿನ ಪಾದ್ರಿ ಓಲೌಸ್ ಮ್ಯಾಗ್ನಸ್ 1555ರಲ್ಲೇ ಬರೆದು, ಅವರು ಕ್ರಿಸ್‌ಮಸ್ ರಾತ್ರಿಗಳಲ್ಲಿ ಮನೆಗಳ ನೆಲಮಾಳಿಗೆಗೆ ನುಗ್ಗಿ ಬಿಯರ್ ಕುಡಿಯುತ್ತಾರೆಂದು ವರ್ಣಿಸಿದ್ದನು. ಎಸ್ಟೋನಿಯಾದ ನ್ಯಾಯಾಲಯ ದಾಖಲೆಗಳನ್ನು ಪರಿಶೀಲಿಸಿದ ಮಾಯಾ ಮಾದರ್, 18 ವಿಚಾರಣೆಗಳಲ್ಲಿ ತೋಳಗಳಾಗಿ ಹಾನಿಮಾಡಿದ ಆರೋಪಕ್ಕೊಳಗಾದವರು 18 ಹೆಂಗಸರು ಮತ್ತು 13 ಗಂಡಸರೆಂದು ಎಣಿಸಿದ್ದಾರೆ. ತೋಳಮಾನವನೆಂದರೆ ಗಂಡಸೇ ಎಂಬ ರೂಢಿಯ ಕಲ್ಪನೆಯನ್ನು ಅಲ್ಲಗಳೆಯಲು ಇಷ್ಟು ಸಾಕು. ಆ ನಾಡಿನ ಭೂಮಿ ಜರ್ಮನ್ ಜಮೀನುದಾರರದು, ಚರ್ಚಿನ ಪಾದ್ರಿಗಳೂ ಬಹುಮಟ್ಟಿಗೆ ಜರ್ಮನರು, 17ನೆಯ ಶತಮಾನದಲ್ಲಿ ಆಳ್ವಿಕೆ ಸ್ವೀಡನ್ನಿನದು, ಉಳುವವರು ಮಾತ್ರ ಬೇರೆ ನುಡಿಯ ಜೀತದಾಳುಗಳು.

ಅಲ್ಲಿನ ಯುರ್ಗೆನ್ಸ್‌ಬುರ್ಗ್ ಎಂಬಲ್ಲಿ 1691ರಲ್ಲಿ, ಚರ್ಚಿನ ಕಳವೊಂದರ ವಿಚಾರಣೆಗೆ ಸಾಕ್ಷಿಯಾಗಿ ಬಂದ, ಎಂಬತ್ತು ದಾಟಿದ ಥೀಸ್ ಎಂಬ ಮುದುಕ ತಾನು ತೋಳಮಾನವನಾಗಿದ್ದುದು ಊರಿಗೆಲ್ಲ ಗೊತ್ತಿರುವ ಸಂಗತಿಯೆಂದು ನಿರಾತಂಕವಾಗಿ ಹೇಳಿದನು. ಅವನ ಪ್ರಕಾರ ತೋಳಮಾನವರು ‘ದೇವರ ನಾಯಿಗಳು’. ಮಾಟಗಾರರು ಬೆಳೆಯ ಸಮೃದ್ಧಿಯನ್ನು ಕದ್ದು ನರಕಕ್ಕೆ ಒಯ್ಯುತ್ತಾರೆ, ಸಂತ ಲೂಸಿಯಳ ರಾತ್ರಿ, ಪೆಂತೆಕೋಸ್ತಿನ ರಾತ್ರಿ, ಸಂತ ಯೋಹಾನನ ರಾತ್ರಿ, ಹೀಗೆ ವರ್ಷಕ್ಕೆ ಮೂರು ಬಾರಿ ತೋಳಗಳಾಗಿ ನರಕಕ್ಕಿಳಿದು ಆ ಸಮೃದ್ಧಿಯನ್ನು ತಾವು ಕಿತ್ತು ತರುತ್ತೇವೆ. ಅಂಥದೊಂದು ಕಾಳಗದಲ್ಲೇ ಸ್ಕೈಸ್ಟಾನ್ ಎಂಬ ಮಾಟಗಾರ ಕುದುರೆಬಾಲ ಸುತ್ತಿದ ಪೊರಕೆಯ ಕಡ್ಡಿಯಿಂದ ಬಡಿದು ತನ್ನ ಮೂಗು ಮುರಿದನು ಎಂದು ಅವನು ವಿವರಿಸಿದನು. ಸೈತಾನನೊಡನೆ ಒಡಂಬಡಿಕೆ ಮಾಡಿಕೊಂಡೆ ಎನ್ನಿಸಲು ನ್ಯಾಯಾಧೀಶರು ಮತ್ತೆಮತ್ತೆ ಯತ್ನಿಸಿದರು. ತೋಳಗಳು ಸೈತಾನನ ಶತ್ರುಗಳೇ ಹೊರತು ಸೇವಕರಲ್ಲವೆಂದು ಮುದುಕ ಮತ್ತೆಮತ್ತೆ ಹೇಳಿದನು. ಊರಿನ ಪಾದ್ರಿಯನ್ನು ಕರೆತಂದು ಪಶ್ಚಾತ್ತಾಪಕ್ಕೆ ಒತ್ತಾಯಿಸಿದಾಗಲೂ ಅವನು ಬಗ್ಗಲಿಲ್ಲ.

ಹೆರ್ಮಾನ್ ಫೊನ್ ಬ್ರೂಯ್ನಿಂಕ್ 1924ರಲ್ಲಿ ಪ್ರಕಟಿಸಿದ ಈ ಕಡತವನ್ನು ಹ್ಯೋಫ್ಲರ್ ಯೋಧಕೂಟದ ಪುರಾವೆಯಾಗಿ ಓದಿದ್ದನು. ಗಿಂಜ್‌ಬರ್ಗ್ ಬೆನಂದಂತಿಗಳ ಜತೆಗಿಟ್ಟು, ಯುರೋಪು ಏಷ್ಯಾಗಳಿಗೆ ಸಮಾನವಾದ, ಆತ್ಮ ದೇಹ ಬಿಟ್ಟು ಸಂಚರಿಸುವ ಬಹು ಹಳೆಯ ನಂಬಿಕೆಯೊಂದರ ತುಣುಕಾಗಿ ಕಂಡರು. ಇತಿಹಾಸಕಾರ ಬ್ರೂಸ್ ಲಿಂಕನ್ ಅವರಿಗೆ ಅದರಲ್ಲಿ ಕೇಳಿಸಿದ್ದು ಜರ್ಮನ್ ಒಡೆಯರ ಎದುರು ನಿಂತ ಜೀತದಾಳಿನ ಪ್ರತಿರೋಧ. 2020ರಲ್ಲಿ ಗಿಂಜ್‌ಬರ್ಗ್ ಮತ್ತು ಲಿಂಕನ್ ಒಟ್ಟಿಗೆ ಹೊರತಂದ ಪುಸ್ತಕದಲ್ಲಿ ಈ ಭಿನ್ನಾಭಿಪ್ರಾಯ ಬಗೆಹರಿಯದೆಯೇ ಉಳಿದಿದೆ. ಖಂಡಾಂತರದ ಪುರಾತನ ನಂಬಿಕೆಯನ್ನು ಒಬ್ಬ ಮುದುಕನ ಮಾತಿನ ಮೇಲೆ ಕಟ್ಟುವುದು ಭಾರ ಹೆಚ್ಚೆನಿಸಿದರೂ, ಕಿತ್ತುಕೊಂಡು ಹೋದ ಧಾನ್ಯವನ್ನು ಮರಳಿ ತರುವ ತೋಳದ ಕನಸು ಕಣಜವೆಲ್ಲ ಒಡೆಯನ ಪಾಲಾಗುತ್ತಿದ್ದ ನಾಡಿನಲ್ಲಿ ಹುಟ್ಟಿತೆಂಬ ಲಿಂಕನ್ನರ ಓದಿನಲ್ಲಿ ತೂಕವಿದೆ. ಥೀಸನಿಗೆ ಮರಣದಂಡನೆಯಾಗಲಿಲ್ಲ. ಮಾಟಗಾರನೆಂದು ಸುಡಲು ಬೇಕಾದ ಒಡಂಬಡಿಕೆಯ ಒಪ್ಪಿಗೆ ಅವನಿಂದ ಹೊರಡದೆಹೋದ ಕಾರಣ, 1692ರಲ್ಲಿ ಮೇಲಿನ ನ್ಯಾಯಾಲಯವು ಅವನಿಗೆ ಛಡಿಯೇಟನ್ನೂ ಗಡೀಪಾರನ್ನೂ ವಿಧಿಸಿತು. ನರಕದಿಂದ ಬೆಳೆಯನ್ನು ತರುತ್ತೇನೆಂದ ಮುದುಕ ಆ ಊರಿನ ಹೊಲಗಳನ್ನು ಬಿಟ್ಟು ಹೊರಟುಹೋಗಬೇಕಾಯಿತು.